ಸ್ಟೀರಿಂಗ್ ಹಾರ್ಡ್, ಬಾನೆಟ್ ಒಳಗೆ ಗುಂಯ್ ಸದ್ದು: ಪಂಪು ಬದಲಿಸಲೇಬೇಕಾ?

ಕಾಫಿತೋಟದ ಗಾಡಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಕಡೆ ಸಣ್ಣ ತೋಟ. ಮನೆಯಲ್ಲಿ 2010ರ ಡೀಸೆಲ್ ಗಾಡಿ ಇದೆ. ಏಳು ಸೀಟು, ಹಿಂದೆ ಲೀಫ್ ಸ್ಪ್ರಿಂಗ್, ಹೈಡ್ರಾಲಿಕ್ ಪವರ್ ಸ್ಟೀರಿಂಗ್. 1,68,000 ಕಿ.ಮೀ. ಓಡಿದೆ. ಗೊಬ್ಬರದ ಮೂಟೆಗೂ ಅದೇ, ನೆಂಟರನ್ನು ಮದುವೆಗೆ ಕರೆದುಕೊಂಡು ಹೋಗಲಿಕ್ಕೂ ಅದೇ.

ಮೂರು ವಾರದಿಂದ ಸ್ಟೀರಿಂಗ್ ಹಾರ್ಡ್ ಆಗಿದೆ. ಬೆಳಿಗ್ಗೆ ಶೆಡ್ಡಿನಿಂದ ತೆಗೆಯುವಾಗ ಪರವಾಗಿಲ್ಲ. ಹತ್ತು ಹದಿನೈದು ಕಿ.ಮೀ. ಹೋದ ಮೇಲೆ ಶುರು. ಬಾನೆಟ್ ಒಳಗೆ ಕಣಜ ಸೇರಿಕೊಂಡ ಹಾಗೆ ಗುಂಯ್ ಅಂತ ಸದ್ದು. ಹೋದ ಸೋಮವಾರ ಚಾರ್ಮಾಡಿ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಎರಡೂ ಕೈಯಲ್ಲಿ ಎಳೆದರೂ ಚಕ್ರ ಬೇಗ ತಿರುಗಲಿಲ್ಲ. ಪಕ್ಕದಲ್ಲಿದ್ದ ಅಮ್ಮ ಡ್ಯಾಶ್‌ಬೋರ್ಡ್ ಹಿಡಿದವರು ಉಜಿರೆ ಬರುವವರೆಗೂ ಬಿಡಲಿಲ್ಲ.

ಗ್ಯಾರೇಜಿಗೆ ತೋರಿಸಿದೆ. ಸ್ಟೀರಿಂಗ್ ಆಯಿಲಿನ ಡಬ್ಬಿಗೆ ಆಯಿಲ್ ತುಂಬಿಸಿದರು, ಬೆಲ್ಟು ಬಿಗಿ ಮಾಡಿದರು, ಕೊನೆಗೆ ಸ್ಟೀರಿಂಗಿಗೆ ಆಯಿಲ್ ದೂಡುವ "ಪಂಪು ಹೋಗಿದೆ" ಅಂದರು. ಪಂಪು, ಕೂಲಿ ಎಲ್ಲಾ ಸೇರಿ 13,000 ಆಗುತ್ತಂತೆ. ಹಾಕಿಸಲಾ? ಇನ್ನೇನು ಮಳೆ ಹಿಡಿಯುತ್ತೆ, ಅಷ್ಟರೊಳಗೆ ಸರಿ ಮಾಡಿಕೊಳ್ಳಬೇಕು.

ಘಾಟಿ ಸವಾರ:

ಪಂಪೇ ಗುರು, ಅನುಮಾನವೇ ಬೇಡ. ನನಗೂ ಹೀಗೇ ಆಗಿತ್ತು. ದುಡ್ಡು ಹಾಕುವ ಮುಂಚೆ ಬೇಕಾದ್ರೆ ಡಬ್ಬಿಗೆ ಸ್ವಲ್ಪ ಬ್ರೇಕ್ ಆಯಿಲ್ ಬೆರೆಸಿ ನೋಡಿ. ಕೆಲವು ಸಲ ಸೀಲು ಉಬ್ಬಿ ಸರಿ ಹೋಗುತ್ತೆ.

ಡಿಪೋ ಅಜ್ಜ:

ಬ್ರೇಕ್ ಆಯಿಲ್ ಮಾತ್ರ ಹಾಕಬೇಡಿ. ಸೀಲು ಉಬ್ಬುತ್ತೆ ಅನ್ನೋದು ನಿಜ. ಉಬ್ಬಿದ ಸೀಲು ಮೆತ್ತಗಾಗುತ್ತೆ, ಮೆತ್ತಗಾದದ್ದು ಹರಿಯುತ್ತೆ. ಎರಡು ವಾರ ಚೆನ್ನಾಗಿರುತ್ತೆ, ಆಮೇಲೆ ಪಂಪಿನ ಜೊತೆ, ಚಕ್ರ ತಿರುಗಿಸುವ ರ್ಯಾಕೂ ಸೋರಲು ಶುರು. ಬ್ರೇಕಿನ ರಬ್ಬರು, ಸ್ಟೀರಿಂಗಿನ ರಬ್ಬರು ಎರಡರ ಜಾತಿಯೇ ಬೇರೆ. ಒಂದಕ್ಕೆ ಒಗ್ಗುವ ಆಯಿಲ್ ಇನ್ನೊಂದಕ್ಕೆ ವಿಷ.

ತೋಟದವರೇ, ಪಂಪಿಗೆ ದುಡ್ಡು ಕೊಡುವ ಮುಂಚೆ ಕೆಲವು ವಿಷಯ ನೋಡಿ ಹೇಳಿ. ನಿಂತಲ್ಲೇ, ಬರೀ ಐಡಲಿಂಗ್‌ನಲ್ಲಿ ತಿರುಗಿಸಿದರೆ ಜಾಸ್ತಿ ಹಾರ್ಡೋ, ರೇಸ್ ಕೊಟ್ಟರೆ ಜಾಸ್ತಿ ಹಾರ್ಡೋ? ಎಡಕ್ಕೂ ಬಲಕ್ಕೂ ಒಂದೇ ಸಮ ಇದೆಯಾ? ಗಾಡಿ ಓಡಿಸಿ ಬಂದ ಕೂಡಲೇ ಡಬ್ಬಿ ಮುಚ್ಚಳ ತೆಗೆದರೆ ಆಯಿಲ್ ಮೇಲೆ ನೊರೆ ಇದೆಯಾ? ಇಂಜಿನ್ ಆಫ್ ಮಾಡಿದ ಕೂಡಲೇ ಆಯಿಲ್ ಮಟ್ಟ ಮೇಲೆ ಏರುತ್ತಾ? ಮುಂದಿನ ಟೈರುಗಳ ಗಾಳಿ ಎಷ್ಟಿದೆ? ಕೊನೆಯದನ್ನು ಕೇಳಿದ್ದಕ್ಕೆ ನಗಬೇಡಿ. 18 ಪಿಎಸ್‌ಐ ಗಾಳಿ ಇಟ್ಟುಕೊಂಡು ಸ್ಟೀರಿಂಗ್ ಬಾಕ್ಸ್ ಬಿಚ್ಚಿಸಿದವರನ್ನು ನೋಡಿದ್ದೇನೆ.

ಹುಬ್ಬಳ್ಳಿ ಗೇರ್:

ಅಜ್ಜಾರು ಕೇಳಿದ್ದು ಖರೇ ಅದ. ಎಡ ಬಲ ಒಂದೇ ಸಮ ಇದ್ದರೆ ಪಂಪು, ಬೆಲ್ಟು, ಆಯಿಲ್ ಕಡೆ ನೋಡ್ರಿ. ಒಂದೇ ಕಡೆ ಹಾರ್ಡ್ ಇದ್ದರೆ ರ್ಯಾಕಿನ ವಾಲ್ವ್ ಅಥವಾ ಒಳಗಿನ ಸೀಲಿನ ಕಡೆ. ಪಂಪಿಗೆ ಎಡ ಯಾವುದು, ಬಲ ಯಾವುದು ಗೊತ್ತಿರಂಗಿಲ್ರೀ, ಅದು ಒಂದೇ ಸಮ ಆಯಿಲ್ ದೂಡ್ತದ ಅಷ್ಟೇ.

ಕಾಫಿತೋಟದ ಗಾಡಿ:

ಅಜ್ಜ, ಇವತ್ತು ಎಲ್ಲಾ ನೋಡಿದೆ. ಟೈರಿನ ಗಾಳಿ ಸರಿ ಇದೆ. ಎಡಕ್ಕೂ ಬಲಕ್ಕೂ ಒಂದೇ ಸಮ ಹಾರ್ಡ್. ನೊರೆ ಜಾಸ್ತಿ ಇಲ್ಲ, ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಅಷ್ಟೇ. ಆಫ್ ಮಾಡಿದರೆ ಮಟ್ಟ ಒಂದು ನೂಲಿನಷ್ಟು ಏರುತ್ತೆ. ಆಯಿಲ್ ಕೆಂಪಿಲ್ಲ, ಕಪ್ಪು ಕಾಫಿ ಬಣ್ಣ.

ಒಂದು ವಿಚಿತ್ರ ಇದೆ. ಗಾಡಿ ಬಿಸಿ ಇದ್ದಾಗ ಐಡಲಿಂಗ್‌ನಲ್ಲಿ ತಿರುಗಿಸಿದರೆ ಸುಮಾರಾಗಿ ತಿರುಗುತ್ತೆ. ರೇಸ್ ಕೊಟ್ಟರೆ ಸದ್ದೂ ಜಾಸ್ತಿ, ಸ್ಟೀರಿಂಗೂ ಹಾರ್ಡ್. ನಾನು ಉಲ್ಟಾ ಆಗಬೇಕು ಅಂದುಕೊಂಡಿದ್ದೆ.

ಲೇತ್ ಮನೆ:

ನೀವು ಅಂದುಕೊಂಡಿದ್ದೇ ಸರಿ, ಅದಕ್ಕೇ ಇದು ಮಜಾ ಇದೆ.

ಪಂಪಿನ ಒಳಗೆ ನಡುವೆ ಒಂದು ರೋಟರ್. ಅದರ ಸೀಳುಗಳಲ್ಲಿ ಸಣ್ಣ ಸಣ್ಣ ತಗಡಿನಂಥ ವೇನ್‌ಗಳು ಜಾರಾಡುತ್ತವೆ. ಸುತ್ತಲೂ ಮೊಟ್ಟೆ ಆಕಾರದ ರಿಂಗು. ರೋಟರ್ ತಿರುಗಿದಾಗ ವೇನ್‌ಗಳು ಹೊರಗೆ ಬಂದು ರಿಂಗಿಗೆ ಒತ್ತಿಕೊಂಡು ಆಯಿಲನ್ನು ಬಾಚಿ ದೂಡುತ್ತವೆ. ಸವೆದ ಪಂಪಿನಲ್ಲಿ ಆ ಸಂದುಗಳಿಂದ ಆಯಿಲ್ ಹಿಂದಕ್ಕೆ ನುಸುಳುತ್ತೆ. ನಿಧಾನಕ್ಕೆ ತಿರುಗಿದರೆ ನುಸುಳುವುದು ಜಾಸ್ತಿ, ಜೋರಾಗಿ ತಿರುಗಿದರೆ ಅಷ್ಟು ಪುರುಸೊತ್ತು ಇರಲ್ಲ. ಹಾಗಾಗಿ ಪಂಪು ಸವೆದಿದ್ದರೆ ಪಾರ್ಕಿಂಗಿನಲ್ಲಿ ಹಾರ್ಡ್, ರೇಸ್ ಕೊಟ್ಟರೆ ಹಗುರ. ಬಿಸಿಯಾದಾಗ ಆಯಿಲ್ ತೆಳ್ಳಗಾಗಿ ಇನ್ನೂ ಹಾರ್ಡ್.

ನಿಮ್ಮದು ರೇಸ್ ಕೊಟ್ಟಷ್ಟೂ ಹಾರ್ಡ್. ಅಂದರೆ ಪಂಪು ಕೇಳುವಷ್ಟು ಆಯಿಲ್ ಅದಕ್ಕೆ ಸಿಗುತ್ತಿಲ್ಲ. ಬಾಯಾರಿದವನಿಗೆ ಸ್ಟ್ರಾ ಕೊಟ್ಟು ಸ್ಟ್ರಾದ ಬುಡ ಒತ್ತಿ ಹಿಡಿದ ಹಾಗೆ. ಜೋರಾಗಿ ಎಳೆದಷ್ಟೂ ಬರಲ್ಲ.

ಘಾಟಿ ಸವಾರ:

ಬೆಲ್ಟು ಜಾರಿದರೂ ಹೀಗೇ ಆಗಲ್ವಾ?

ಲೇತ್ ಮನೆ:

ಬೆಲ್ಟು ಜಾರಿದರೆ ಗುಂಯ್ ಅನ್ನಲ್ಲ, ಕಿರ್ರ್ ಅಂತ ಕಿರುಚುತ್ತೆ. ಅದೂ ಸ್ಟೀರಿಂಗ್ ಕೊನೆ ಮುಟ್ಟುವ ಫುಲ್ ಲಾಕ್‌ಗೆ ಹೋದಾಗ, ಲೋಡು ಬಿದ್ದ ಕ್ಷಣದಲ್ಲಿ. ಅವರ ಬೆಲ್ಟು ಈಗ ಬಿಗಿ ಮಾಡಿದ್ದಾರೆ. ಹೆಬ್ಬೆರಳಲ್ಲಿ ಒತ್ತಿದರೆ ಹತ್ತು ಮಿ.ಮೀ. ಆಸುಪಾಸು ಬಾಗಬೇಕು. ಅದಕ್ಕಿಂತ ಬಿಗಿ ಆದರೆ ಪಂಪಿನ ಬೇರಿಂಗಿಗೆ ಪೆಟ್ಟು.

ಡಿಪೋ ಅಜ್ಜ:

ತೋಟದವರೇ, ಡಬ್ಬಿಯ ತಳದಲ್ಲಿ ಸಣ್ಣ ಜಾಲರಿ ಫಿಲ್ಟರ್ ಇರುತ್ತೆ. ಆಯಿಲ್ ಎಲ್ಲಾ ಸಿರಿಂಜಿನಲ್ಲಿ ತೆಗೆದು, ಟಾರ್ಚ್ ಬಿಟ್ಟು ನೋಡಿ. ಆಯಿಲ್ ಅಷ್ಟು ಕಪ್ಪಾಗಿದ್ದರೆ ಜಾಲರಿ ಕಟ್ಟಿರುವ ಸಾಧ್ಯತೆ ಜಾಸ್ತಿ. ಡಬ್ಬಿ ಬಿಚ್ಚಿ ಡೀಸೆಲ್‌ನಲ್ಲಿ ತೊಳೆಯಿರಿ, ಚೆನ್ನಾಗಿ ಒಣಗಿಸಿ. ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಬೇಡಿ, ಅದರ ನೂಲೇ ಮತ್ತೆ ಜಾಲರಿಗೆ ಸಿಕ್ಕಿಕೊಳ್ಳುತ್ತೆ.

ಕಾಫಿತೋಟದ ಗಾಡಿ:

ಅಜ್ಜ, ಗೆದ್ದೆವು ಅನ್ಸುತ್ತೆ! ಜಾಲರಿ ತುಂಬಾ ಕಪ್ಪು ಚೂರು. ಬೆರಳಲ್ಲಿ ಉಜ್ಜಿದರೆ ಸಾಸಿವೆ ಕಾಳಿನಷ್ಟು ದೊಡ್ಡದು, ಮೆತ್ತಗೆ, ಎಳೆದರೆ ಹಿಗ್ಗುತ್ತೆ. ತೊಳೆದು ಹೊಸ ಎಟಿಎಫ್, ಅಂದರೆ ಸ್ಟೀರಿಂಗಿನ ಕೆಂಪು ಆಯಿಲ್ ಹಾಕಿದೆ. ಸ್ಟೀರಿಂಗ್ ಬೆಣ್ಣೆ ಹಾಗೆ ತಿರುಗುತ್ತಿದೆ. 13,000 ಉಳಿಯಿತು. ಎಲ್ಲರಿಗೂ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ನನ್ನ ಲೆಕ್ಕದಲ್ಲಿ.

ಡಿಪೋ ಅಜ್ಜ:

ದೋಸೆ ಹಾಗೇ ಇಟ್ಟಿರಿ. ಹಿಗ್ಗುವ ಚೂರು ಅಂದರೆ ರಬ್ಬರು. ಅದು ಎಲ್ಲೋ ಒಂದು ಕಡೆಯಿಂದ ಕಿತ್ತು ಬಂದಿದೆ. ಕಿತ್ತು ಬರುವುದು ನಿಂತಿಲ್ಲ.

ಕಾಫಿತೋಟದ ಗಾಡಿ:

ಅಜ್ಜನ ಬಾಯಲ್ಲಿ ಮಚ್ಚೆ ಇದೆಯಾ? ನಾಲ್ಕನೇ ದಿನಕ್ಕೆ ಮತ್ತೆ ಅದೇ ಗುಂಯ್. ಇವತ್ತು ಬೆಳಿಗ್ಗೆ ಜಾಲರಿ ನೋಡಿದೆ, ಸ್ವಲ್ಪ ಚೂರು ಇದೆ, ಆದರೆ ಮೊದಲಿನ ಹಾಗೆ ಕಟ್ಟಿಲ್ಲ. ಆದರೂ ಹಾರ್ಡ್. ಈಗ ಪಂಪಾ?

ಹುಬ್ಬಳ್ಳಿ ಗೇರ್:

ಇನ್ನೂ ಅನುಮಾನ ಇದ್ದರೆ ಪ್ರೆಶರ್ ಗೇಜ್ ಹಾಕಿಸ್ರಿ. ಪಂಪಿನಿಂದ ರ್ಯಾಕಿಗೆ ಹೋಗುವ ಪ್ರೆಶರ್ ಪೈಪಿನ ನಡುವೆ ಗೇಜು, ಅದರ ಮುಂದ ಒಂದು ವಾಲ್ವ್. ಆಯಿಲ್ ಬಿಸಿ ಮಾಡಿ, ಐಡಲಿಂಗ್‌ನಲ್ಲಿ ವಾಲ್ವ್ ಮುಚ್ಚಿ ಮುಳ್ಳು ಎಲ್ಲಿಗೆ ಹೋಗ್ತದ ನೋಡೋದು. ಐದು ಸೆಕೆಂಡು ಅಷ್ಟೇ ಮುಚ್ಚೋದು, ಜಾಸ್ತಿ ಹಿಡಿದರೆ ಪಂಪು ಸುಟ್ಟು ಹೋಗ್ತದ. ಕಂಪನಿ ಹೇಳಿದಷ್ಟು ಪ್ರೆಶರ್ ಬಂದರೆ ಪಂಪು ಗಟ್ಟಿಮುಟ್ಟು. ಆಮೇಲೆ ವಾಲ್ವ್ ಪೂರಾ ತೆರೆದು ಸ್ಟೀರಿಂಗ್ ಫುಲ್ ಲಾಕ್‌ಗೆ ಒಯ್ಯೋದು. ಆಗಲೂ ಅಷ್ಟೇ ಬರಬೇಕು. ಮುಚ್ಚಿದಾಗ ಬಂದು, ಲಾಕ್‌ನಲ್ಲಿ ಬರದಿದ್ದರೆ ರ್ಯಾಕಿನ ಒಳಗ ಆಯಿಲ್ ನುಸುಳ್ತದ ಅಂತ ಅರ್ಥ.

ಗೇಜ್ ಇಲ್ಲದವರು ಸುಮ್ನೆ ಅಂದಾಜಿನ ಮ್ಯಾಲೆ ಪಂಪು ಬದಲಿಸ್ತಾರ. ತಪ್ಪಿದರೆ ಆಮೇಲೆ ರ್ಯಾಕ್. ಅದೂ ತಪ್ಪಿದರೆ ಗಿರಾಕಿನೇ ತಪ್ಪಿಸಿಕೊಳ್ತಾನ.

ಮಸ್ಕತ್ ಕನ್ನಡಿಗ:

ಗೇಜ್ ಒಳ್ಳೆಯದೇ. ಆದರೆ ಆ ಪೈಪು ನೀವೇ ಬಿಚ್ಚಲು ಹೋಗಬೇಡಿ ತೋಟದವರೇ. ಇಂಥ ಗಾಡಿಗಳಲ್ಲಿ ಫುಲ್ ಲಾಕ್‌ನಲ್ಲಿ 80, 90 ಬಾರ್ ಪ್ರೆಶರ್ ಬರುವುದು ಸಾಮಾನ್ಯ. ಟೈರಿನಲ್ಲಿ ಇರುವುದು 2 ಬಾರ್ ಚಿಲ್ಲರೆ. ಪ್ರೆಶರ್ ಪೈಪಿನಲ್ಲಿ ಸೂಜಿ ತೂತು ಬಿದ್ದಿದ್ದರೆ ಕೈ ಆಡಿಸಿ ಹುಡುಕಲೇಬೇಡಿ. ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತೆ. ರಟ್ಟಿನ ತುಂಡು ಹಿಡಿದು ನೋಡಿ. ಇಲ್ಲಿ ನಮ್ಮ ವರ್ಕ್‌ಶಾಪಿನಲ್ಲಿ ಮೊದಲು ಕಲಿಸುವ ಪಾಠವೇ ಅದು.

ಲೇತ್ ಮನೆ:

ಗೇಜಿಗಿಂತ ಮೊದಲು ಒಂದು ಕೆಲಸ, ಇದಕ್ಕೆ ಖರ್ಚಿಲ್ಲ. ಗಾಡಿ ಹದಿನೈದು ಕಿ.ಮೀ. ಓಡಿಸಿ ಬಿಸಿ ಮಾಡಿಕೊಂಡು ಬನ್ನಿ. ನ್ಯೂಟ್ರಲ್, ಹ್ಯಾಂಡ್ ಬ್ರೇಕು, ಚಕ್ರಕ್ಕೆ ಕಲ್ಲು. ಬಾನೆಟ್ ತೆಗೆದು ಡಬ್ಬಿಯಿಂದ ಪಂಪಿಗೆ ಬರುವ ದಪ್ಪ ಹೋಸ್ ಮೇಲೆ ಕಣ್ಣಿಡಿ. ಒಬ್ಬರು ರೇಸ್ ಕೊಡಲಿ. ಬೆಲ್ಟು, ಫ್ಯಾನು ತಿರುಗುತ್ತಿರುತ್ತೆ, ಟವೆಲು ಗಿವೆಲು ಹೆಗಲ ಮೇಲೆ ಬೇಡ.

ಕಾಫಿತೋಟದ ಗಾಡಿ:

ಲೇತ್ ಅಣ್ಣ, ಇದನ್ನು ಟೈಪ್ ಮಾಡಬೇಕಾದರೆ ಇನ್ನೂ ಕೈಗೆ ಆಯಿಲ್ ಅಂಟಿಕೊಂಡಿದೆ.

ತಮ್ಮನನ್ನು ಸೀಟಿನಲ್ಲಿ ಕೂರಿಸಿದೆ. ಐಡಲಿಂಗ್‌ನಲ್ಲಿ ಹೋಸ್ ದುಂಡಗೇ ಇತ್ತು. "ಕೊಡು" ಅಂದೆ. ರೇಸ್ ಏರಿದ ಹಾಗೆ ಹೋಸಿನ ನಡುಭಾಗ ಮೆಲ್ಲಗೆ ಒಳಕ್ಕೆ ಹೋಯಿತು. ಬಾಳೆದಿಂಡನ್ನು ಹೆಬ್ಬೆರಳಲ್ಲಿ ಅದುಮಿದ ಹಾಗೆ. ಇನ್ನೂ ಕೊಟ್ಟ, ಪೂರ್ತಿ ಚಪ್ಪಟೆ. ಆಗ ಶುರುವಾಯಿತು ಗುಂಯ್. ಬಿಟ್ಟ ಕೂಡಲೇ ಪುಸಕ್ ಅಂತ ಮತ್ತೆ ದುಂಡಗಾಯಿತು. ಮೂರು ಸಲ ಮಾಡಿಸಿದೆ, ಮೂರು ಸಲವೂ ಅದೇ. ತಮ್ಮನೂ ಇಳಿದು ಬಂದು ನೋಡಿದ.

ಇಂಜಿನ್ ಆರಿದ ಮೇಲೆ ಬಿಚ್ಚಿದೆ. ಹೋಸ್ ಹೊರಗೆ ಚೆನ್ನಾಗಿದೆ. ಒಳಗೆ ಕೈ ಹಾಕಿದರೆ ಜಿಗುಟು, ಒಳಪದರ ಸಿಪ್ಪೆ ಸಿಪ್ಪೆಯಾಗಿ ಎದ್ದಿದೆ. ಆಗ ನೆನಪಾಯಿತು. ಕಳೆದ ದೀಪಾವಳಿ ಹೊತ್ತಿಗೆ ದಾರಿಯಲ್ಲಿ ಈ ಹೋಸ್ ಒಡೆದು, ರಸ್ತೆ ಬದಿ ಅಂಗಡಿಯಲ್ಲಿ ಅದೇ ಅಳತೆಯದ್ದು ಸಿಕ್ಕಿತು ಅಂತ ಹಾಕಿಸಿದ್ದೆ. ಮೇಲೆ ಅಚ್ಚಾಗಿರುವುದು ಈಗ ಓದಿದೆ. ಅದು ಹೀಟರಿನ ನೀರಿನ ಹೋಸ್.

ಡಿಪೋ ಅಜ್ಜ:

ಸಿಕ್ಕಿತಲ್ಲ ಕಳ್ಳ.

ನೀರಿನ ಹೋಸಿನ ರಬ್ಬರು ಬಿಸಿ ನೀರಿಗೆ ವರ್ಷಗಟ್ಟಲೆ ಜಗ್ಗಲ್ಲ. ಖನಿಜ ಎಣ್ಣೆ ತಾಗಿದರೆ ಮಾತ್ರ ಉಬ್ಬಿ ಮೆತ್ತಗಾಗುತ್ತೆ. ಮೊದಲು ನಾನು ಹೇಳಿದ ಬ್ರೇಕ್ ಆಯಿಲ್ ಕಥೆಯ ಉಲ್ಟಾ ಇದು. ತಣ್ಣಗಿದ್ದಾಗ ಸ್ವಲ್ಪ ಗಟ್ಟಿ, ಅದಕ್ಕೇ ಬೆಳಿಗ್ಗೆ ನಿಮಗೆ ಸಮಸ್ಯೆ ಇರಲಿಲ್ಲ. ಬಿಸಿಯಾದ ಮೇಲೆ ಪಂಪು ಎಳೆದರೆ ಮುಚ್ಚಿಕೊಳ್ಳುತ್ತಿತ್ತು. ನಾನೂ ಜಾಲರಿಯಲ್ಲೇ ನಿಂತುಬಿಟ್ಟೆ, ಮೊದಲ ದಿನವೇ ಹೋಸ್ ಹಿಸುಕಿ ನೋಡಿ ಅನ್ನಬೇಕಿತ್ತು.

ಆಯಿಲ್ ಸಕ್ಷನ್ ಹೋಸ್ ಅಂತ ಕೇಳಿ ತನ್ನಿ, ಅದೇ ಗಾಡಿಯದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಎರಡೂ ತುದಿಗೆ ಹೊಸ ಕ್ಲಿಪ್ಪು. ಆಯಿಲ್ ಡಬ್ಬಿಗೆ ವಾಪಸ್ ಬರುವ ರಿಟರ್ನ್ ಹೋಸಿನ ಒಳಗೂ ಬೆರಳು ಹಾಕಿ ನೋಡಿ. ಪ್ರೆಶರ್ ಹೋಸ್ ಬೇರೆ ಕಥೆ. ಅದರ ತುದಿ ಮೆಷಿನ್ನಿನಲ್ಲಿ ಒತ್ತಿ ಕೂರಿಸಿರುತ್ತಾರೆ. ಅದು ಸೋರಿದರೆ ಕತ್ತರಿಸಿ ಸ್ಕ್ರೂ ಕ್ಲಿಪ್ಪು ಹಾಕುವ ಬುದ್ಧಿವಂತಿಕೆ ಬೇಡ. ಬಿಸಿ ಎಕ್ಸಾಸ್ಟ್ ಮೇಲೆ ಆಯಿಲ್ ಎರಚಿದರೆ ಗಾಡಿಯೇ ಹೊತ್ತಿಕೊಳ್ಳುತ್ತೆ.

ಮಸ್ಕತ್ ಕನ್ನಡಿಗ:

ಹೋಸ್ ಹಾಕುವಾಗಲೇ ಪೂರ್ತಿ ಆಯಿಲ್ ಬದಲಿಸಿ, ರಬ್ಬರ್ ಚೂರು ಎಲ್ಲಾ ಕಡೆ ಹೋಗಿರುತ್ತೆ. ನಾನು ಮಾಡುವ ಕ್ರಮ ಹೀಗೆ. ಮುಂದಿನ ಎರಡೂ ಚಕ್ರ ಜಾಕ್ ಕೊಟ್ಟು ಎತ್ತಿ ಸ್ಟ್ಯಾಂಡ್ ಇಡಿ, ಬರೀ ಜಾಕ್ ನಂಬಬೇಡಿ. ಡಬ್ಬಿಗೆ ಬರುವ ರಿಟರ್ನ್ ಹೋಸ್ ಕಳಚಿ ಒಂದು ಬಾಟಲಿಗೆ ಬಿಡಿ, ಡಬ್ಬಿಯ ಆ ತೂತಿಗೆ ಬಿರಡೆ ಹಾಕಿ. ಇಂಜಿನ್ ಆಫ್‌ನಲ್ಲೇ ಒಬ್ಬರು ಸ್ಟೀರಿಂಗನ್ನು ಲಾಕಿನಿಂದ ಲಾಕಿಗೆ ನಿಧಾನಕ್ಕೆ ತಿರುಗಿಸಲಿ, ಇನ್ನೊಬ್ಬರು ಡಬ್ಬಿ ಖಾಲಿಯಾಗದ ಹಾಗೆ ಹೊಸ ಆಯಿಲ್ ಸುರಿಯುತ್ತಾ ಇರಲಿ. ಬಾಟಲಿಗೆ ಕೆಂಪು ಬಂದಾಗ ನಿಲ್ಲಿಸಿ. ಎರಡು ಲೀಟರ್ ತಂದಿಟ್ಟುಕೊಳ್ಳಿ. ಎಟಿಎಫ್ ಯಾವ ದರ್ಜೆಯದ್ದು ಅಂತ ಡಬ್ಬಿ ಮುಚ್ಚಳ ಅಥವಾ ಗಾಡಿ ಪುಸ್ತಕದಲ್ಲಿ ಇರುತ್ತೆ, ಅದೇ ಹಾಕಿ.

ಡಿಪೋ ಅಜ್ಜ:

ಆಮೇಲೆ ಏರ್ ತೆಗೆಯೋದು. ಹೆಚ್ಚಿನವರು ಅವಸರ ಮಾಡಿ ಕೆಡಿಸುವುದು ಇಲ್ಲೇ. ಹೋಸ್ ಜೋಡಿಸಿ, ಆಯಿಲ್ ತುಂಬಿಸಿ, ಇಂಜಿನ್ ಆಫ್‌ನಲ್ಲಿ, ಚಕ್ರ ಎತ್ತಿದ ಹಾಗೇ ಒಂದು ಹದಿನೈದು ಇಪ್ಪತ್ತು ಸಲ ಆ ಕಡೆ ಈ ಕಡೆ. ಗುಳ್ಳೆ ನಿಲ್ಲುವವರೆಗೆ. ಆಮೇಲೆ ಸ್ಟಾರ್ಟ್ ಮಾಡಿ ಐಡಲಿಂಗ್‌ನಲ್ಲೇ ಮತ್ತೆ ನಿಧಾನಕ್ಕೆ. ಲಾಕಿನಲ್ಲಿ ಹಿಡಿದು ನಿಲ್ಲಿಸಬೇಡಿ. ಹಾಲು ಹಾಲಾಗಿ ನೊರೆ ಬಂದರೆ ಆಫ್ ಮಾಡಿ ಅರ್ಧ ಗಂಟೆ ಕಾಫಿ ಕುಡಿದು ಬನ್ನಿ, ಗುಳ್ಳೆ ತಾನಾಗೇ ಮೇಲೆ ಬರುತ್ತೆ. ಕೊನೆಗೆ ಇಂಜಿನ್ ಓಡುವಾಗ ಮಟ್ಟ ನೋಡಿ, ಆಫ್ ಮಾಡಿ ನೋಡಿ. ಐದು ಮಿ.ಮೀ.ಗಿಂತ ಜಾಸ್ತಿ ಏರಿದರೆ ಇನ್ನೂ ಏರ್ ಇದೆ.

ಹಳೇ ಆಯಿಲ್ ತೋಟದ ಹಳ್ಳಕ್ಕೆ ಸುರಿಯಬೇಡಿ. ಗ್ಯಾರೇಜಿನ ಡ್ರಮ್ಮಿಗೆ ಕೊಡಿ.

ಹೊಸ ಲೈಸೆನ್ಸು:

ನಡುವೆ ಬಾಯಿ ಹಾಕ್ತಿದ್ದೀನಿ. ಪಂಪು ಪೂರ್ತಿ ನಿಂತರೆ ಸ್ಟೀರಿಂಗ್ ತಿರುಗುವುದೇ ಇಲ್ವಾ?

ಲೇತ್ ಮನೆ:

ತಿರುಗುತ್ತೆ. ಸ್ಟೀರಿಂಗಿಗೂ ಚಕ್ರಕ್ಕೂ ಕಬ್ಬಿಣದ ನಂಟು ಹಾಗೇ ಇರುತ್ತೆ, ಆಯಿಲ್ ಬರೀ ಸಹಾಯ ಮಾಡೋದು. ಆದರೆ ಬಲ ಬೇಕು, ನಿಧಾನಕ್ಕೆ ಹೋಗುವಾಗ ತುಂಬಾ ಬೇಕು. ಘಾಟಿ ಇಳಿಯುವಾಗ ಡೀಸೆಲ್ ಉಳಿಸ್ತೀನಿ ಅಂತ ಇಂಜಿನ್ ಆಫ್ ಮಾಡುವವರಿಗೆ ಇದೇ ಆಗೋದು. ಪಂಪು ನಿಲ್ಲುತ್ತೆ, ಬ್ರೇಕಿಗೆ ಸಹಾಯ ಮಾಡುವ ವ್ಯಾಕ್ಯೂಮ್ ಕೂಡ ನಾಲ್ಕು ಸಲ ಒತ್ತುವಷ್ಟರಲ್ಲಿ ಖಾಲಿ.

ಮಸ್ಕತ್ ಕನ್ನಡಿಗ:

ಈ ಹೈಡ್ರಾಲಿಕ್ ಯುಕ್ತಿ 1920ರ ದಶಕದ್ದು ಅಂದರೆ ನಂಬ್ತೀರಾ? ಅಮೆರಿಕದಲ್ಲಿ ಫ್ರಾನ್ಸಿಸ್ ಡೇವಿಸ್ ಅನ್ನುವ ಇಂಜಿನಿಯರ್ ಮಾಡಿ ತೋರಿಸಿದ್ದ. ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ಗೆ. ಈಗ ಹೆಚ್ಚಿನ ಹೊಸ ಕಾರಲ್ಲಿ ಮೋಟರಿನ ಸ್ಟೀರಿಂಗ್. ಅದರಲ್ಲಿ ಆಯಿಲೂ ಇಲ್ಲ, ಹೋಸೂ ಇಲ್ಲ. ನಮ್ಮಂಥವರಿಗೆ ಹಿಸುಕಿ ನೋಡಲಿಕ್ಕೂ ಏನೂ ಇಲ್ಲ.

ಕಾಫಿತೋಟದ ಗಾಡಿ:

ವರದಿ ಒಪ್ಪಿಸ್ತಿದ್ದೀನಿ. ಚಿಕ್ಕಮಗಳೂರಿನಿಂದ ಹೋಸ್ ತಂದೆ, 340 ರೂಪಾಯಿ. ಕ್ಲಿಪ್ಪು ಎರಡು, ಆಯಿಲ್ ಎರಡು ಲೀಟರ್. ಎಲ್ಲಾ ಸೇರಿ 1,300ರ ಒಳಗೆ ಮುಗಿಯಿತು. ಭಾನುವಾರ ಇಡೀ ದಿನ ಹೋಯಿತು, ಏರ್ ತೆಗೆಯುವಾಗ ಎರಡು ಸಲ ನೊರೆ ಬಂದು ಎರಡು ಸಲ ಕಾಫಿ ಆಯಿತು. ಘಾಟಿ ಇಳಿದು ಹತ್ತಿದೆ, ಸದ್ದಿಲ್ಲ. ಬಿಸಿಯಾದ ಮೇಲೆ ರೇಸ್ ಕೊಟ್ಟರೂ ಹೋಸ್ ದುಂಡಗೇ ಇದೆ.

ಒಂದು ಸಣ್ಣದು ಉಳಿದಿದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗೇ ಪೂರ್ತಿ ನೇರಕ್ಕೆ ಬರಲ್ಲ. ಸ್ವಲ್ಪ ಸೋಮಾರಿ. ನಾನೇ ಎಳೆಯಬೇಕು.

ಡಿಪೋ ಅಜ್ಜ:

ಅದು ಆಯಿಲಿನ ಕೆಲಸ ಅಲ್ಲ, ಎಲ್ಲೋ ಹಿಡಿದುಕೊಂಡಿದೆ. ಚಕ್ರ ಎತ್ತಿ, ಇಂಜಿನ್ ಆಫ್‌ನಲ್ಲಿ ತಿರುಗಿಸಿ. ಒಂದೊಂದು ಸುತ್ತಿಗೂ ಒಂದೇ ಜಾಗದಲ್ಲಿ ಬಿಗಿ ಅನ್ನಿಸಿದರೆ ಸ್ಟೀರಿಂಗ್ ಶಾಫ್ಟಿನ ಕೆಳಗಿನ ಕ್ರಾಸ್ ಜಾಯಿಂಟ್ ತುಕ್ಕು ಹಿಡಿದಿದೆ. ಎಲ್ಲಾ ಕಡೆ ಒಂದೇ ಸಮ ಬಿಗಿ ಇದ್ದರೆ ಬಾಲ್ ಜಾಯಿಂಟ್ ಕಡೆ ನೋಡಿ. ಅದು ಎರಡೂ ಸರಿ ಇದ್ದರೆ ಅಲೈನ್‌ಮೆಂಟ್.

ಕಾಫಿತೋಟದ ಗಾಡಿ:

ಕ್ರಾಸ್ ಜಾಯಿಂಟೇ ಅಜ್ಜ. ಎಕ್ಸಾಸ್ಟ್ ಪಕ್ಕದಲ್ಲೇ ಇದೆ, ಮುಂದಿನ ಚಕ್ರದ ಕೆಸರೆಲ್ಲ ಅದಕ್ಕೇ ಬೀಳೋದು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಹಾಕಿ ಆಡಿಸಿದೆ, ಮುಕ್ಕಾಲು ಪಾಲು ಸರಿಯಾಯಿತು. ಜಾಯಿಂಟ್ ಸಡಿಲವಾಗಿ ಆಟ ಬಂದಿದೆಯಾ ಅಂತಲೂ ನೋಡಿದೆ, ಇಲ್ಲ. ಆದರೂ ಹೊಸದಕ್ಕೆ ಹೇಳಿಟ್ಟಿದ್ದೇನೆ.

ಹಾಗೇ ಕೆಳಗೆ ಮಲಗಿದ್ದಾಗ ಬಲಗಡೆ ರ್ಯಾಕ್ ತುದಿಯ ರಬ್ಬರ್ ಬೂಟು ಒದ್ದೆ ಕಂಡಿತು. ಎದೆ ಧಸಕ್ ಅಂತು. ಸೀಲು ಹೋಯ್ತಾ?

ಲೇತ್ ಮನೆ:

ಭಾನುವಾರ ಚೆಲ್ಲಿದ್ದೂ ಇರಬಹುದು. ಬೂಟಿನ ಒಳಗಿನ ಕ್ಲಿಪ್ಪು ಸಡಿಲ ಮಾಡಿ ನೋಡಿ. ಒಳಗಿಂದ ಆಯಿಲ್ ಸುರಿದರೆ ಸೀಲು. ಒಳಗೆ ಒಣ ಇದ್ದರೆ ಹೊರಗೆ ಒರೆಸಿ ಬಿಡಿ. ಡಬ್ಬಿ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದಿಡಿ. ತಣ್ಣಗಿದ್ದಾಗ, ಸಮತಟ್ಟು ಜಾಗದಲ್ಲಿ.

ಕಾಫಿತೋಟದ ಗಾಡಿ:

ಒಳಗೆ ಒಣ ಇತ್ತು ಅಣ್ಣ. ಗೆರೆ ಎಳೆದು ಇವತ್ತಿಗೆ 12 ದಿನ. ಆಯಿಲ್ ಗೆರೆಯಲ್ಲೇ ಇದೆ. ಹಳೇ ಹೋಸ್ ಶೆಡ್ಡಿನ ಮೊಳೆಗೆ ನೇತು ಹಾಕಿದ್ದೇನೆ. ಪಂಪು ಬದಲಿಸಿ ಅಂದ ಗ್ಯಾರೇಜಿನವರು ನೋಡಬೇಕಂತೆ, ನಾಳೆ ಬರ್ತಾರೆ.